ಹಕ್ಕಿ ಚಿತ್ರದ ಕಾರ್ಡು, ಒಂದು ಮಿಲ್ ಲೆಕ್ಕ

ನನ್ನ ಅಂಚೆಚೀಟಿ ಆಲ್ಬಮ್ಮಿನಲ್ಲಿ ಯಾವ ದೇಶದ ಅಂಚೆ ಇಲಾಖೆಗೂ ಸೇರದ ಒಂದು ಹಾಳೆಯಿದೆ. ಅದರಲ್ಲಿರುವುದು ಅಮೆರಿಕದ ‘ಎಸ್ ಅಂಡ್ ಎಚ್’ ಕಂಪನಿಯ ಹಸಿರು ಚೀಟಿಗಳು. ಅಂಗಡಿಯಲ್ಲಿ ಸಾಮಾನು ಕೊಂಡವರಿಗೆ ಪುಕ್ಕಟೆ ಸಿಗುತ್ತಿದ್ದವು. ಚೀಟಿಯ ಮೇಲೆ ಸಣ್ಣಕ್ಷರದಲ್ಲಿ ಒಂದು ಮಾತು ಅಚ್ಚಾಗಿದೆ: ನಗದು ಬೆಲೆ ಒಂದು ಮಿಲ್. ಸೆಂಟಿನ ಹತ್ತರಲ್ಲೊಂದು ಪಾಲು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನಿಗೆ ಸಣ್ಣಕ್ಷರ ಕಂಡರೆ ಕೈ ತಾನಾಗಿ ಪೆನ್ಸಿಲ್ ಹುಡುಕುತ್ತದೆ.

ಲೆಕ್ಕ ಹಾಕಿ ನೋಡಿ. ಹತ್ತು ಸೆಂಟಿನ ಖರೀದಿಗೆ ಒಂದು ಚೀಟಿ. 1,200 ಚೀಟಿ ಅಂಟಿಸಿದರೆ ಒಂದು ಪುಸ್ತಕ ಭರ್ತಿ. ಅಂದರೆ ಗೃಹಿಣಿ 120 ಡಾಲರ್ ಖರ್ಚು ಮಾಡಿ, ನಾಲಿಗೆಯಲ್ಲಿ 1,200 ಚೀಟಿ ಒದ್ದೆ ಮಾಡಿ ಅಂಟಿಸಿದರೆ ಕೈಗೆ ಬರುವ ನಗದು 1 ಡಾಲರ್ 20 ಸೆಂಟ್. ನೂರಕ್ಕೆ ಒಂದು.

ಇದನ್ನೆಲ್ಲ ಈಗ ತೆಗೆದು ನೋಡಲು ಕಾರಣ ನನ್ನ ತಂಗಿಯ ಮಗಳು. ಅವಳಿರುವುದು ಡೆಲವೇರ್ ರಾಜ್ಯದಲ್ಲಿ. ಹಕ್ಕಿ ನೋಡುವ ಹುಚ್ಚು. ಮೇಲೆ ಬಾತುಕೋಳಿಯ ಚಿತ್ರವಿರುವ ಕ್ರೆಡಿಟ್ ಕಾರ್ಡಿನ ಆಮಂತ್ರಣವೊಂದು ಅವಳಿಗೆ ಬಂದಿದೆ. ದುರ್ಬೀನು, ಟೆಂಟು, ಬೂಟು ಕೊಂಡರೆ ಹೆಚ್ಚು ಪಾಯಿಂಟಂತೆ. ಪ್ರತಿ ಖರ್ಚಿನಲ್ಲೂ ಪಕ್ಷಿ ಸಂರಕ್ಷಣೆಗೆ ಒಂದು ಪಾಲಂತೆ. “ಮಾಮಾ, ತಗೊಳ್ಳಲಾ?” ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಅದಲ್ಲ.

ಹಸಿರು ಚೀಟಿ ಹುಟ್ಟಿದ್ದು 1896ರಲ್ಲಿ. ಸ್ಪೆರ್ರಿ ಮತ್ತು ಹಚಿನ್ಸನ್ ಎಂಬಿಬ್ಬರ ಉಪಾಯ ಸರಳ: ಚೀಟಿಯನ್ನು ಅಂಗಡಿಯವನಿಗೆ ಮಾರುವುದು, ಅವನು ಗಿರಾಕಿಗೆ ಹಂಚುವುದು, ಗಿರಾಕಿ ಪುಸ್ತಕ ತುಂಬಿಸಿ ಇವರ ಮಳಿಗೆಗೆ ಬಂದು ಟೋಸ್ಟರೋ ದೀಪವೋ ಒಯ್ಯುವುದು. 1960ರ ದಶಕದಲ್ಲಿ ಈ ಹುಚ್ಚು ಎಷ್ಟೇರಿತ್ತೆಂದರೆ ಆಂಡಿ ವಾರ್ಹಾಲ್ 1962ರಲ್ಲಿ ಈ ಚೀಟಿಗಳನ್ನೇ ಸಾಲುಸಾಲಾಗಿ ಚಿತ್ರಿಸಿದ. ಟೋಸ್ಟರಿನ ಹಣವನ್ನು ಕೊನೆಗೆ ಕೊಟ್ಟವರು ಯಾರು? ಅಂಗಡಿಯವನು ಚೀಟಿಯ ಖರ್ಚನ್ನು ಸಕ್ಕರೆಯ ಬೆಲೆಗೆ ಸೇರಿಸುತ್ತಿದ್ದ. ತುಂಬದೆ ಡ್ರಾಯರಿನಲ್ಲೇ ಉಳಿದ ಪುಸ್ತಕಗಳು ಕಂಪನಿಯ ಲಾಭ. 1970ರ ದಶಕದಲ್ಲಿ ಬೆಲೆಗಳು ಏರಿದಾಗ ಜನ ‘ಚೀಟಿ ಬೇಡ, ಬೆಲೆ ಇಳಿಸಿ’ ಎನ್ನತೊಡಗಿದರು. ಸೂಪರ್ ಮಾರ್ಕೆಟ್ಟುಗಳು ಒಂದೊಂದಾಗಿ ಕೈಬಿಟ್ಟವು.

ಇನ್ನು ಕಾರ್ಡಿನ ಕಥೆ. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ‘ಮಾರ್ಕೆಟ್’ (Marquette) ಎಂಬ ಬ್ಯಾಂಕಿನ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಬ್ಯಾಂಕು ಯಾವ ರಾಜ್ಯದಲ್ಲಿ ನೆಲೆಸಿದೆಯೋ ಅಲ್ಲಿಯ ಬಡ್ಡಿ ಮಿತಿಯನ್ನು ದೇಶದ ಎಲ್ಲ ಗಿರಾಕಿಗಳಿಗೂ ಅನ್ವಯಿಸಬಹುದು ಎಂದು. ಬಡ್ಡಿಗೆ ಮಿತಿಯಿಲ್ಲದ ರಾಜ್ಯ ಯಾವುದಿದೆ ಎಂದು ಬ್ಯಾಂಕುಗಳು ಹುಡುಕಲು ಹೊರಟವು. ಪುಟ್ಟ ಡೆಲವೇರ್ 1981ರಲ್ಲಿ ಕಾನೂನು ಬದಲಿಸಿ ಬಾಗಿಲು ತೆರೆಯಿತು. ಮರುವರ್ಷವೇ ಮೇರಿಲ್ಯಾಂಡಿನ ಬ್ಯಾಂಕೊಂದರ ಕಾರ್ಡು ವಿಭಾಗ ಅಲ್ಲಿಗೆ ಬಂದು ಆಗ್ಲ್‌ಟೌನಿನಲ್ಲಿ ಖಾಲಿ ಬಿದ್ದಿದ್ದ ‘ಎ ಅಂಡ್ ಪಿ’ ಸೂಪರ್ ಮಾರ್ಕೆಟ್ಟಿನ ಕಟ್ಟಡದಲ್ಲಿ ಕಚೇರಿ ಹೂಡಿತು. ಅದೇ ಎಂಬಿಎನ್ಎ. ನನಗೆ ಇಲ್ಲಿ ನಗು ಬರುತ್ತದೆ. 1960ರ ದಶಕದಲ್ಲಿ ‘ಪ್ಲೇಡ್’ ಎಂಬ ಚೀಟಿ ಹಂಚಿದ್ದ ಅಂಗಡಿ ಸರಪಳಿಯೇ ಎ ಅಂಡ್ ಪಿ.

ಎಂಬಿಎನ್ಎಯ ಮುಖ್ಯಸ್ಥ ಚಾರ್ಲ್ಸ್ ಕಾಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಮೊದಲು ಕೈಹಾಕಿದ್ದು ಅಲ್ಲಿಯ ಹಳೆ ವಿದ್ಯಾರ್ಥಿಗಳ ಪಟ್ಟಿಗೆ. ಕಾರ್ಡಿನ ಮೇಲೆ ಕಾಲೇಜಿನ ಹೆಸರು, ಸಂಘಕ್ಕೆ ಒಂದಿಷ್ಟು ಕಮಿಷನ್. ಆಮೇಲೆ ವೈದ್ಯರು, ವಕೀಲರು, ಕ್ರೀಡಾ ತಂಡಗಳ ಅಭಿಮಾನಿಗಳು, ಕಾರ್ ರೇಸಿನ ಹುಚ್ಚರು. ಹೀಗೆ ಸಾವಿರಾರು ಗುಂಪುಗಳು. ಬ್ಯಾಂಕಿಗೆ ಇದರಲ್ಲಿ ಸಿಕ್ಕಿದ್ದು ಬರೀ ಗಿರಾಕಿಗಳಲ್ಲ, ಸೋಸಿಕೊಟ್ಟ ಗಿರಾಕಿಗಳು. ಸಂಘದ ಸದಸ್ಯತ್ವ ಕಟ್ಟಿ ಉಳಿಸಿಕೊಂಡವನು ಸಾಮಾನ್ಯವಾಗಿ ಸಾಲವನ್ನೂ ಕಟ್ಟುತ್ತಾನೆ. ತನ್ನ ತಂಡದ ಚಿತ್ರವಿರುವ ಕಾರ್ಡನ್ನು ಕತ್ತರಿಸಿ ಬಿಸಾಡಲು ಅವನಿಗೆ ಮನಸ್ಸೂ ಬಾರದು. ಇಷ್ಟು ಬಂಡವಾಳದ ಮೇಲೆ ಬೆಳೆದ ಎಂಬಿಎನ್ಎಯನ್ನು ಬ್ಯಾಂಕ್ ಆಫ್ ಅಮೆರಿಕ ಕೊಂಡುಕೊಂಡಿತು. 2005ರಲ್ಲಿ ಘೋಷಣೆಯಾದ ಆ ಒಪ್ಪಂದದ ಮೊತ್ತ ಸುಮಾರು 35 ಬಿಲಿಯನ್ ಡಾಲರ್.

ನಮ್ಮ ಕರಾವಳಿಯ ಬ್ಯಾಂಕಿಂಗ್ ಇದಕ್ಕೆ ತೀರಾ ತದ್ವಿರುದ್ಧ ದಿಕ್ಕಿನಿಂದ ಹೊರಟದ್ದು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕಾದ ಉಡುಪಿಯ ಸಂಸ್ಥೆ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಒಯ್ಯುತ್ತಿದ್ದ. ಅವನಿಗೂ ನಿಮ್ಮ ಮನೆಯವರ ಹೆಸರು, ಹಬ್ಬ, ಹರಕೆ ಎಲ್ಲ ಗೊತ್ತು. ಆದರೆ ಅವನು ಆ ಸಲಿಗೆಯನ್ನು ಬಳಸಿದ್ದು ನಿಮ್ಮಿಂದ ಉಳಿತಾಯ ಮಾಡಿಸಲಿಕ್ಕೆ. ಆ ಗರಡಿಯಲ್ಲಿ ಪಳಗಿದ ನನ್ನಂಥವರಿಗೆ ಪಾಯಿಂಟಿನ ಮೇಲೆ ಸ್ವಲ್ಪ ಅಸಡ್ಡೆ ಇದ್ದೇ ಇದೆ. ಓದುವವರು ಅದನ್ನು ಕಳೆದು ಓದಿಕೊಳ್ಳಬಹುದು.

1986ರಲ್ಲಿ ಸಿಯರ್ಸ್ ಕಂಪನಿಯ ಡಿಸ್ಕವರ್ ಕಾರ್ಡು, ಖರ್ಚು ಮಾಡಿದ್ದಕ್ಕೆ ನಗದು ವಾಪಸ್ ಎಂದು ದೇಶಕ್ಕೆಲ್ಲ ಸಾರಿತು. ಎಷ್ಟು? ಹೆಚ್ಚೆಂದರೆ ಶೇ. 1. ತೊಂಬತ್ತು ವರ್ಷದ ಮೇಲೂ ಅದೇ ಒಂದು ಮಿಲ್! ದುಡ್ಡು ಬರುವ ದಾರಿಯೂ ಹಳೆಯದೇ. ಪ್ರತಿ ವ್ಯವಹಾರಕ್ಕೂ ಅಂಗಡಿಯವನು ಕೊಡುವ ಶುಲ್ಕದಿಂದಲೇ ಪಾಯಿಂಟು ಹುಟ್ಟುವುದು. ಇದಕ್ಕೆ ಸಾಕ್ಷಿ ಬೇಕೆಂದರೆ, ಅಮೆರಿಕ 2011ರಲ್ಲಿ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿನ ಶುಲ್ಕಕ್ಕೆ ಮಿತಿ ಹಾಕಿದ ಕೂಡಲೇ ಡೆಬಿಟ್ ಕಾರ್ಡಿನ ಬಹುಮಾನಗಳು ಹೆಚ್ಚುಕಡಿಮೆ ಮಾಯವಾದವು. ಯುರೋಪು 2015ರಲ್ಲಿ ಕ್ರೆಡಿಟ್ ಕಾರ್ಡಿಗೂ ಶೇ. 0.3ರ ಮಿತಿ ಹಾಕಿತು. ಅಲ್ಲಿಯ ಕಾರ್ಡುಗಳ ಔದಾರ್ಯವೂ ಸೊರಗಿತು.

ಈಗ ಬಾತುಕೋಳಿ ಕಾರ್ಡಿಗೆ ಬರೋಣ. ವರ್ಷದ ಶುಲ್ಕ 95 ಡಾಲರ್, ಹವ್ಯಾಸದ ಸಾಮಾನಿಗೆ ಶೇ. 3, ಉಳಿದದ್ದಕ್ಕೆ ಶೇ. 1 ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ, 2014ರಲ್ಲಿ ಬಂದ ಸಿಟಿ ಬ್ಯಾಂಕಿನ ‘ಡಬಲ್ ಕ್ಯಾಶ್’ನಂಥ, ವಾರ್ಷಿಕ ಶುಲ್ಕವಿಲ್ಲದೆ ಎಲ್ಲಕ್ಕೂ ಶೇ. 2 ಕೊಡುವ ಕಾರ್ಡಿಡಿ. ಹವ್ಯಾಸದ ಸಾಮಾನಿನಲ್ಲಿ ಬಾತುಕೋಳಿ ಗಳಿಸಿಕೊಡುವುದು ಶೇ. 1 ಮಾತ್ರ ಹೆಚ್ಚು. 95 ಡಾಲರಿನ ಶುಲ್ಕ ಹುಟ್ಟಬೇಕಾದರೆ ವರ್ಷಕ್ಕೆ 9,500 ಡಾಲರಿನ ದುರ್ಬೀನು, ಬೂಟು ಕೊಳ್ಳಬೇಕು. ಜತೆಗೆ ತರಕಾರಿ, ಪೆಟ್ರೋಲಿನ ಪ್ರತಿ ನೂರು ಡಾಲರಿನಲ್ಲೂ ಒಂದೊಂದು ಡಾಲರ್ ನಷ್ಟ. ತಿಂಗಳುಗಟ್ಟಲೆ ಬಾಕಿ ಉಳಿಸಿದಿರೋ, ವರ್ಷಕ್ಕೆ ಶೇ. 20 ದಾಟಿದ ಬಡ್ಡಿ ಇದೆಲ್ಲವನ್ನೂ ನುಂಗಿಹಾಕುತ್ತದೆ. ಹಕ್ಕಿಗಳಿಗೆ ಹೋಗುವ ಪಾಲು? ಇಂಥ ಕಾರ್ಡುಗಳಲ್ಲಿ ಅದು ಸಾಮಾನ್ಯವಾಗಿ ನೂರು ಡಾಲರಿಗೆ ಅರ್ಧ ಡಾಲರ್ ಮುಟ್ಟಿದರೆ ಹೆಚ್ಚು.

ಅಂಚೆಚೀಟಿ ಸಂಗ್ರಹಿಸುವವನಿಗೆ ಇದಕ್ಕಿಂತ ಒಳ್ಳೆಯ ಬಾತುಕೋಳಿ ಗೊತ್ತು. 1934ರಲ್ಲಿ ವ್ಯಂಗ್ಯಚಿತ್ರಕಾರ ‘ಡಿಂಗ್’ ಡಾರ್ಲಿಂಗ್ ಬರೆದ ಚಿತ್ರದೊಂದಿಗೆ ಅಮೆರಿಕ ಸರ್ಕಾರ ಒಂದು ಡಾಲರಿನ ಡಕ್ ಸ್ಟ್ಯಾಂಪು ಹೊರತಂದಿತು. ಬಾತುಕೋಳಿ ಬೇಟೆಗೆ ಹೋಗುವವರು ಅದನ್ನು ಕೊಳ್ಳಲೇಬೇಕು; ಉಳಿದವರು ಇಷ್ಟವಿದ್ದರೆ ಕೊಳ್ಳಬಹುದು. ಈಗ ಅದರ ಬೆಲೆ 25 ಡಾಲರ್. ಅದರಲ್ಲಿ ಶೇ. 98 ಜೌಗುನೆಲ ಕೊಂಡು ಕಾಪಾಡಲು ಹೋಗುತ್ತದೆ. ಅಷ್ಟೇ ಮೊತ್ತವನ್ನು ನೂರಕ್ಕೆ ಅರ್ಧದ ಲೆಕ್ಕದ ಕಾರ್ಡಿನಿಂದ ಹಕ್ಕಿಗಳಿಗೆ ಮುಟ್ಟಿಸಲು ಸುಮಾರು 4,900 ಡಾಲರ್ ಖರ್ಚು ಮಾಡಬೇಕು. ಇನ್ನೊಂದು ಲಾಭವಿದೆ: ಆ ವರ್ಷದ ಸ್ಟ್ಯಾಂಪು ಕೈಯಲ್ಲಿದ್ದರೆ ಪ್ರವೇಶ ಶುಲ್ಕವಿರುವ ರಾಷ್ಟ್ರೀಯ ವನ್ಯಜೀವಿ ಧಾಮಗಳಿಗೆ ಅದೇ ಟಿಕೆಟ್. ಡೆಲವೇರಿನ ಬಾಂಬೆ ಹುಕ್ ಧಾಮವೂ ಅದರಲ್ಲಿ ಸೇರಿದೆ. ಚಳಿಗಾಲದಲ್ಲಿ ಹಿಮ ಹೆಬ್ಬಾತುಗಳು ಹಿಂಡುಹಿಂಡಾಗಿ ಇಳಿಯುವುದು ಅಲ್ಲೇ.

ತಂಗಿಯ ಮಗಳಿಗೆ ಬರೆದದ್ದು ಇಷ್ಟು: ಪೇಟೆಗೆ ಶುಲ್ಕವಿಲ್ಲದ ಕಾರ್ಡು, ಹಕ್ಕಿಗೆ ಡಕ್ ಸ್ಟ್ಯಾಂಪು. ಎರಡು ಕೊಂಡುಕೋ, ಒಂದನ್ನು ನನ್ನ ಆಲ್ಬಮ್ಮಿಗೆ ಕಳಿಸು.