ನೋರಾಳ ನೆಂಟರು: ‘ಗೊಂಬೆಮನೆ’ಯ ಪ್ರೇಕ್ಷಕರು ಮತ್ತು ರಸವಿಘ್ನದ ಪ್ರಶ್ನೆ

1880ರ ಮೊದಲ ತಿಂಗಳುಗಳಲ್ಲಿ ಜರ್ಮನಿಯ ಹೆಸರಾಂತ ನಟಿ ಹೆಡ್‌ವಿಗ್ ನೀಮನ್-ರಾಬೆ ಒಂದು ಪಾತ್ರವನ್ನು ಒಪ್ಪಿಕೊಂಡೂ ಅದರ ಕೊನೆಯ ಕೆಲವು ನಿಮಿಷಗಳನ್ನು ಮಾತ್ರ ಆಡಲಾರೆನೆಂದು ಹಟ ಹಿಡಿದಳು. ನಾಟಕ ಹೆನ್ರಿಕ್ ಇಬ್ಸನ್‌ನ ‘ಗೊಂಬೆಮನೆ’, ಪಾತ್ರ ನೋರಾ. ತಾನಾಗಿದ್ದರೆ ಮಕ್ಕಳನ್ನು ಬಿಟ್ಟು ಎಂದೂ ಹೋಗುತ್ತಿರಲಿಲ್ಲ ಎಂಬುದು ಆಕೆಯ ತಕರಾರು. ಇಬ್ಸನ್‌ನ ಕೃತಿಗಳಿಗೆ ಆಗ ಜರ್ಮನಿಯಲ್ಲಿ ಕೃತಿಸ್ವಾಮ್ಯದ ರಕ್ಷಣೆ ಇರಲಿಲ್ಲ. ಯಾರು ಬೇಕಾದರೂ ತಿದ್ದಿ ಆಡಬಹುದಿತ್ತು. ಬೇರೆಯವರ ಕೈಗೆ ಕತ್ತರಿ ಕೊಡುವುದಕ್ಕಿಂತ ತಾನೇ ಹಿಡಿಯುವುದು ಮೇಲೆಂದು ಇಬ್ಸನ್ ಇನ್ನೊಂದು ಮುಕ್ತಾಯ ಬರೆದುಕೊಟ್ಟ. ಅದರಲ್ಲಿ ಹೊರಟು ನಿಂತ ಹೆಂಡತಿಯನ್ನು ಹೆಲ್ಮರ್ ಮಕ್ಕಳು ಮಲಗಿರುವ ಕೋಣೆಯ ಬಾಗಿಲಿಗೆ ಎಳೆದೊಯ್ಯುತ್ತಾನೆ. ಬೆಳಗಾದರೆ ಇವು ತಬ್ಬಲಿಗಳು ಎನ್ನುತ್ತಾನೆ. ನೋರಾ ಆ ಬಾಗಿಲ ಬಳಿ ಕುಸಿಯುತ್ತಾಳೆ, ಪರದೆ ಬೀಳುತ್ತದೆ. ಫೆಬ್ರವರಿಯಲ್ಲಿ ಡೆನ್ಮಾರ್ಕಿನ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ ಇಬ್ಸನ್ ಈ ಬದಲಾವಣೆಯನ್ನು ನಾಟಕದ ಮೇಲಿನ ಬರ್ಬರ ಹಲ್ಲೆಯೆಂದೇ ಕರೆದ.

ರಂಗೇತಿಹಾಸಗಳು ಇದನ್ನು ಆ ಕಾಲದ ಮಡಿವಂತಿಕೆಗೆ ಉದಾಹರಣೆಯೆಂದು ಹೇಳಿ ಮುಂದೆ ಸಾಗುತ್ತವೆ. ನಾನಿಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾವ ನಾಟಕಕ್ಕಾದರೂ ಮೊದಲ ಪ್ರೇಕ್ಷಕರು ಅದನ್ನು ಆಡುವವರೇ. ಈ ಮೊದಲ ಪ್ರೇಕ್ಷಕಿ ನಾಟಕವನ್ನು ಮೆಚ್ಚಲಿಲ್ಲ, ಜರೆಯಲೂ ಇಲ್ಲ. ಹೆಲ್ಮರನ ಮನೆಗೆ ಬಂದ ಹಿರಿಯ ನೆಂಟಳಂತೆ ನಡುವೆ ಬಾಯಿ ಹಾಕಿ ಸಂಸಾರ ಸರಿಮಾಡಲು ನೋಡಿದಳು. ಮುಂದಿನ ನೂರು ವರ್ಷಗಳಲ್ಲಿ ಈ ನಾಟಕಕ್ಕೆ ಬಂದ ಗಟ್ಟಿ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಒಡಕು ಸಂಸಾರದ ನಾಟಕವನ್ನು ಕಂಡ ಪ್ರೇಕ್ಷಕ ಏಕೆ ರಸಿಕನಾಗಿ ಉಳಿಯದೆ ನೆಂಟನಾಗುತ್ತಾನೆ? ಇದಕ್ಕೆ ಉತ್ತರ ಹುಡುಕಲು ನಮ್ಮ ಮೀಮಾಂಸೆಯಲ್ಲೇ ಒಂದು ಒಳ್ಳೆಯ ಸಲಕರಣೆ ಇದೆ.

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯಕ್ಕೆ ಬರೆದ ವ್ಯಾಖ್ಯಾನದಲ್ಲಿ ಅಭಿನವಗುಪ್ತ ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸುತ್ತಾನೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ದಾರಿಯಲ್ಲಿ ರಸಚರ್ಚೆಗೆ ಬಂದ ಕನ್ನಡ ಓದುಗರಿಗೆ, ಪಾತ್ರದ ಭಾವ ಯಾರೊಬ್ಬರದೂ ಆಗಿ ಉಳಿಯದೆ ಎಲ್ಲರದಾಗುವ ಸಾಧಾರಣೀಕರಣ ಚಿರಪರಿಚಿತ, ಆದರೆ ಅದು ಎಲ್ಲಿ, ಹೇಗೆ ಕೆಟ್ಟುಹೋಗುತ್ತದೆ ಎಂಬ ವಿಘ್ನವಿಚಾರವನ್ನು ನಾವು ಅಷ್ಟಾಗಿ ಬಳಸಿಲ್ಲ. ಇಲ್ಲಿ ಬೇಕಾಗಿರುವುದು ಮೂರೇ ವಿಘ್ನ. ‘ಹೀಗೆಲ್ಲಾದರೂ ನಡೆಯುವುದುಂಟೆ’ ಎನ್ನಿಸುವ ಸಂಭಾವನಾವಿರಹ ಒಂದು. ಇದು ನನ್ನದು (ಸ್ವಗತ), ಇದು ಅವರದು (ಪರಗತ) ಎಂಬ ದೇಶಕಾಲಬದ್ಧವಾದ ಆವೇಶ ಇನ್ನೊಂದು. ಮನೆಯಿಂದ ಹೊತ್ತು ತಂದ ಸ್ವಂತ ಸುಖದುಃಖದಲ್ಲೇ ಮುಳುಗಿರುವ ನಿಜಸುಖಾದಿವಿವಶೀಭಾವ ಮತ್ತೊಂದು. ರೋಗದ ಜೊತೆಗೆ ಮದ್ದನ್ನೂ ಹೇಳಿರುವುದು ಅಭಿನವಗುಪ್ತನ ವಿಶೇಷ. ಮೊದಲನೆಯದಕ್ಕೆ ಮದ್ದು ರಾಮನಂಥ ಪ್ರಖ್ಯಾತ ನಾಯಕ: ಅವನು ಸಮುದ್ರಕ್ಕೆ ಸೇತುವೆ ಕಟ್ಟಿದನೆಂದರೂ ಯಾರೂ ಹುಬ್ಬೇರಿಸುವುದಿಲ್ಲ. ಎರಡನೆಯದಕ್ಕೆ ಪೂರ್ವರಂಗ, ಕಿರೀಟ, ವೇಷಭೂಷಣ. ನಟನನ್ನು ನಟನೆಂದು ಮರೆಸುವ ನಾಟ್ಯಧರ್ಮಿ. ಮೂರನೆಯದಕ್ಕೆ ವಾದ್ಯ, ಗಾನ, ಚಿತ್ರವಿಚಿತ್ರ ಮಂಟಪ. ಮನೆಯ ಚಿಂತೆ ಹೊತ್ತು ಬಂದವನನ್ನೂ ಅದು ಅರೆಗಳಿಗೆ ಸಹೃದಯನನ್ನಾಗಿ ಮಾಡುತ್ತದೆ.

ಇಬ್ಸನ್ ಈ ಮೂರು ಮದ್ದುಗಳನ್ನೂ ಕಿತ್ತು ಹಾಕಿದ. ಅವನ ನಾಯಕಿ ಬ್ಯಾಂಕ್ ಅಧಿಕಾರಿಯ ಹೆಂಡತಿ, ಪುರಾಣಕ್ಕೂ ಇತಿಹಾಸಕ್ಕೂ ಸೇರದವಳು. ರಂಗದ ಮೇಲಿರುವುದು ಪಿಯಾನೋ, ಸೋಫಾ, ಒಲೆ ಇರುವ ಬೆಚ್ಚನೆಯ ದಿವಾನಖಾನೆ. ಪ್ರೇಕ್ಷಕರು ಒಂದು ಗಂಟೆ ಹಿಂದೆ ಬಾಗಿಲು ಹಾಕಿಕೊಂಡು ಬಂದದ್ದೂ ಅಂಥದ್ದೇ ಕೋಣೆಗೆ. ಸಂಗೀತವೆಂದು ಇಡೀ ನಾಟಕದಲ್ಲಿ ಲೆಕ್ಕಕ್ಕೆ ಸಿಗುವುದು ಎರಡನೆಯ ಅಂಕದ ಟಾರಂಟೆಲ್ಲಾ ಕುಣಿತ ಒಂದೇ. ಅದನ್ನು ಇಬ್ಸನ್ ಇಟ್ಟಿರುವ ಜಾಗ ನೋಡಬೇಕು. ಎಂಟು ವರ್ಷಗಳ ಹಿಂದೆ ಗಂಡನ ಜೀವ ಉಳಿಸಲು ನೋರಾ ಸಾಯುತ್ತಿದ್ದ ತಂದೆಯ ಸಹಿಯನ್ನು ತಾನೇ ಹಾಕಿ ಸಾಲ ತಂದಿದ್ದಾಳೆ. ಆ ಗುಟ್ಟನ್ನು ಬಯಲು ಮಾಡುವ, ಸಾಲ ಕೊಟ್ಟ ಕ್ರೋಗ್‌ಸ್ಟಾದ್‌ನ ಪತ್ರ ಬೀಗ ಹಾಕಿದ ಅಂಚೆಪೆಟ್ಟಿಗೆಯಲ್ಲಿದೆ, ಕೀಲಿ ಹೆಲ್ಮರನ ಬಳಿ ಇದೆ. ಅವನು ಅತ್ತ ಹೋಗದಂತೆ ಮಾಡಲು ನೋರಾ ಹುಚ್ಚೆದ್ದು ಕುಣಿಯುತ್ತಾಳೆ. ಎಂದರೆ ಗಾನನೃತ್ಯಗಳು ನೋಡುಗನನ್ನು ತನ್ನ ಮನೆಯ ಸಂಕಟದಿಂದ ದೂರ ಒಯ್ಯುತ್ತವೆ ಎಂಬ ಹಳೆಯ ಸೂತ್ರ ಇಲ್ಲಿಯೂ ಕೆಲಸ ಮಾಡುತ್ತಿದೆ, ಆದರೆ ರಂಗದ ಮೇಲಿನ ಒಬ್ಬನೇ ಪ್ರೇಕ್ಷಕನ ಮೇಲೆ. ಹೆಲ್ಮರ್ ರಸಿಕ, ಮೂರನೆಯ ಅಂಕಕ್ಕೆ ಬರುವಾಗಲೂ ಆ ಕುಣಿತದ ಅಮಲಿನಲ್ಲೇ ಇರುತ್ತಾನೆ. ಕೆಳಗೆ ಕುಳಿತವರಿಗೆ ಆ ಸುಖವಿಲ್ಲ. ಅವರ ಕಣ್ಣು ಅಂಚೆಪೆಟ್ಟಿಗೆಯ ಮೇಲಿದೆ.

ಸಾಕ್ಷ್ಯಗಳಿಗೆ ಬರುವ ಮೊದಲು ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಕೊನೆಯಲ್ಲಿ ಬಾಗಿಲು ಮುಚ್ಚಿದ ಸದ್ದಿಗೆ ಯುರೋಪೇ ಬೆಚ್ಚಿತೆಂದು ನಾವೆಲ್ಲ ಪಾಠ ಹೇಳುತ್ತ ಬಂದಿದ್ದೇವೆ. ಕೋಪನ್‌ಹೇಗನ್ನಿನ ಮೊದಲ ಪ್ರೇಕ್ಷಕರು ಬೆಚ್ಚಿದ್ದರೆ ಅದು ಅನಿರೀಕ್ಷಿತವೆಂಬ ಕಾರಣಕ್ಕಂತೂ ಆಗಿರಲಾರದು. ಪುಸ್ತಕ ಹೊರಬಂದದ್ದು 1879ರ ಡಿಸೆಂಬರ್ 4ರಂದು, 8,000 ಪ್ರತಿ. ರಾಯಲ್ ಥಿಯೇಟರಿನ ಮೊದಲ ಪ್ರಯೋಗ ಡಿಸೆಂಬರ್ 21ರಂದು. ತಿಂಗಳೊಳಗೆ ಪ್ರತಿಗಳು ಮುಗಿದು ಜನವರಿಯಲ್ಲಿ ಎರಡನೆಯ ಮುದ್ರಣ, ಮಾರ್ಚಿನಲ್ಲಿ ಮೂರನೆಯದು ಬಂತು. ಬೆಟ್ಟಿ ಹೆನ್ನಿಂಗ್ಸ್ ನೋರಾಳಾಗಿ ರಂಗಕ್ಕೆ ಬಂದ ಸಂಜೆ ಪ್ರೇಕ್ಷಕರಲ್ಲಿ ಅನೇಕರಿಗೆ ಅವಳು ಹೋಗುವವಳೆಂದು ಗೊತ್ತಿತ್ತು. ನಿಜಕ್ಕೂ ಹೋಗುತ್ತಾಳೆಯೇ ಎಂದು ನೋಡಲು ಬಂದಿದ್ದರು. ರಾಮಾಯಣ ಗೊತ್ತಿದ್ದೂ ಸೀತಾಪರಿತ್ಯಾಗದ ಪ್ರಸಂಗಕ್ಕೆ ಹೋಗಿ ಕೂರುವ ನಮ್ಮವರ ಸ್ಥಿತಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ: ಅಲ್ಲಿ ಕತೆ ಬದಲಾಗಲೆಂದು ಯಾರೂ ನಾಟಕಕಾರನಿಗೆ ಹೇಳಿ ಕಳಿಸುವುದಿಲ್ಲ.

ಮೊದಲ ವಾರಗಳ ವಿಮರ್ಶೆಗಳಲ್ಲಿ ಎದ್ದು ಕಾಣುವ ಗುಣವೊಂದಿದೆ. ಕೋಪ ನೀತಿಯದು, ಆದರೆ ಅದು ಬರುವುದು ಸಂಭಾವ್ಯತೆಯ ವೇಷದಲ್ಲಿ. ಕೋಪನ್‌ಹೇಗನ್ನಿನ ‘ಫೋಲ್ಕೆಟ್ಸ್ ಆವಿಸ್’ ಪತ್ರಿಕೆಯಲ್ಲಿ ಬರೆದ ಎಂ.ವಿ. ಬ್ರೂನ್, ನಿಜವಾದ ಹೆಂಡತಿಯಾಗಿದ್ದರೆ ಗಂಡನ ತೋಳಿಗೇ ಓಡಿಹೋಗುತ್ತಿದ್ದಳೆಂದು ವಾದಿಸಿದ. ಹೀಗೆ ಮಾಡಬಾರದು ಎಂದು ಹೇಳಲು ಸಂಕೋಚ. ಹೀಗೆ ಯಾರೂ ಮಾಡುವುದಿಲ್ಲ ಎನ್ನುವುದು ಸುಲಭ. ಕ್ರಿಸ್ಟಿಯಾನಿಯಾದ ದೈವಶಾಸ್ತ್ರದ ಪ್ರಾಧ್ಯಾಪಕ ಫ್ರೆಡ್ರಿಕ್ ಪೀಟರ್ಸೆನ್‌ನ ಆಕ್ಷೇಪ ಇದಕ್ಕಿಂತ ನೇರ: ಕೊನೆಯಲ್ಲಿ ಸಮಾಧಾನವಿಲ್ಲ, ನೋಡಿದವರು ಮನಸ್ಸು ಭಾರ ಮಾಡಿಕೊಂಡು ಮನೆಗೆ ಹೋಗಬೇಕಾಗುತ್ತದೆ ಎಂಬುದು ಅವನ ದೂರು. ನನಗೆ ಬ್ರೂನ್‌ಗಿಂತ ಪೀಟರ್ಸೆನ್ ಪ್ರಾಮಾಣಿಕನೆನಿಸುತ್ತಾನೆ. ಅವನು ಕೇಳಿದ್ದು ಕಲೆ ಕೊಡಬೇಕಾದ ವಿಶ್ರಾಂತಿಯನ್ನು. ಅಭಿನವಗುಪ್ತನೂ ಅದನ್ನೇ ಕೇಳಿಯಾನು.

ಸಂಭಾವ್ಯತೆಯ ವಾದಕ್ಕೆ ನಾಟಕದ ಹೊರಗೂ ಒಳಗೂ ಉತ್ತರವಿತ್ತು. ಹೊರಗೆ, ಇಬ್ಸನ್‌ಗೆ ಪರಿಚಿತಳಾಗಿದ್ದ ಲೇಖಕಿ ಲಾರಾ ಕೀಲರ್. ಕ್ಷಯರೋಗಿ ಗಂಡನ ಚಿಕಿತ್ಸೆಗೆ ಗುಟ್ಟಾಗಿ ಸಾಲ ಮಾಡಿ, ತೀರಿಸಲಾಗದೆ ಖೋಟಾ ಕಾಗದಕ್ಕೆ ಕೈಹಾಕಿದವಳು. ಸುದ್ದಿ ತಿಳಿದ ಗಂಡ ಅವಳನ್ನು ಹುಚ್ಚಾಸ್ಪತ್ರೆಗೆ ಸೇರಿಸಿದ. ತನ್ನ ಬದುಕೇ ನಾಟಕವಾದದ್ದು ಆಕೆಯನ್ನು ಕೊನೆಯವರೆಗೂ ನೋಯಿಸಿತು. ನಾಟಕದ ಒಳಗಿನ ಉತ್ತರ ಇನ್ನೂ ಹರಿತ. ಹೆಲ್ಮರನ ಮನೆಯ ದಾದಿ ಆನ್ನೆ-ಮರೀ ನೋರಾಳನ್ನು ಸಾಕಲೆಂದು ತನ್ನ ಮಗುವನ್ನು ಪರರ ಪಾಲು ಮಾಡಿ ಬಂದವಳು. ಎರಡನೆಯ ಅಂಕದ ಆರಂಭದಲ್ಲಿ ಇದನ್ನು ಯಾವ ಸಡಗರವೂ ಇಲ್ಲದೆ ಹೇಳುತ್ತಾಳೆ. ಮಗುವನ್ನು ಬಿಟ್ಟ ತಾಯಿ ಮೊದಲಿನಿಂದಲೂ ರಂಗದ ಮೇಲೇ ಓಡಾಡಿಕೊಂಡಿದ್ದಾಳೆ! ಆದರೂ ತಾಯ್ತನದ ಹೆಸರಿನಲ್ಲಿ ಎದ್ದ ಅಷ್ಟು ಗದ್ದಲದಲ್ಲಿ ಅವಳ ಹೆಸರು ಕಿವಿಗೆ ಬೀಳುವುದೇ ಅಪರೂಪ. ಬಡವಿ ಹೊಟ್ಟೆಪಾಡಿಗೆ ಮಗುವನ್ನು ಬಿಟ್ಟರೆ ಅದು ಸಹಜ. ಕುಳಿತ ನೆಂಟರು ಯಾವ ವರ್ಗದವರು ಎಂಬುದನ್ನು ಈ ಮೌನ ಟಿಕೆಟ್ ದರಕ್ಕಿಂತ ಚೆನ್ನಾಗಿ ಹೇಳುತ್ತದೆ.

ಲಂಡನ್ನಿನಲ್ಲಿ ನೆಂಟಸ್ತಿಕೆ ಇನ್ನೂ ಮುಂದುವರಿಯಿತು. ಹೆನ್ರಿ ಆರ್ಥರ್ ಜೋನ್ಸ್ ಮತ್ತು ಹೆನ್ರಿ ಹರ್ಮನ್ 1884ರಲ್ಲಿ ಮಾಡಿದ ರೂಪಾಂತರದಲ್ಲಿ ನಾಯಕಿ ಮನೆ ಬಿಡುವುದೇ ಇಲ್ಲ. 1886ರ ಜನವರಿಯಲ್ಲಿ ಕಾರ್ಲ್ ಮಾರ್ಕ್ಸ್‌ನ ಮಗಳು ಎಲಿನೋರ್ ತನ್ನ ಬಾಡಿಗೆ ಮನೆಯಲ್ಲೇ ಮೂಲದ ವಾಚನ ನಡೆಸಿದಳು. ಅವಳೇ ನೋರಾ, ಬರ್ನಾರ್ಡ್ ಷಾ ಕ್ರೋಗ್‌ಸ್ಟಾದ್. ದಿವಾನಖಾನೆಯ ನಾಟಕವನ್ನು ದಿವಾನಖಾನೆಯಲ್ಲೇ ಓದಿದ ಆ ಸಂಜೆ ಆಡುವವರಿಗೂ ನೋಡುವವರಿಗೂ ನಡುವಿನ ಗೆರೆ ಎಷ್ಟು ತೆಳುವಾಗಿದ್ದಿರಬೇಕು! ಜಾನೆಟ್ ಅಚರ್ಚ್ ಅಭಿನಯಿಸಿದ ಪೂರ್ಣ ಪ್ರಯೋಗ ನಾವೆಲ್ಟಿ ಥಿಯೇಟರಿಗೆ ಬಂದದ್ದು 1889ರ ಜೂನ್ 7ರಂದು. ಮರುವರ್ಷದ ಆರಂಭದಲ್ಲೇ ಕಾದಂಬರಿಕಾರ ವಾಲ್ಟರ್ ಬೆಸಂಟ್ ಮುಂದಿನ ಕತೆ ಬರೆದ: ನೋರಾ ಹೋದ ಮೇಲೆ ಹೆಲ್ಮರ್ ಕುಡುಕನಾಗುತ್ತಾನೆ, ಮಕ್ಕಳು ಹಾಳಾಗುತ್ತಾರೆ. ಷಾ ಅದಕ್ಕೆ ಪ್ರತಿಯಾಗಿ ಇನ್ನೊಂದು ಮುಂದಿನ ಕತೆ ಬರೆದ. 1891ರಲ್ಲಿ ಎಲಿನೋರ್ ಮಾರ್ಕ್ಸ್ ಮತ್ತು ಇಸ್ರೇಲ್ ಝಾಂಗ್‌ವಿಲ್ ಸೇರಿ, ಬ್ರಿಟಿಷರ ನೀತಿಗೆ ಹೊಂದುವಂತೆ ‘ರಿಪೇರಿ’ ಮಾಡಿದ ಅಣಕು ಮುಕ್ತಾಯವನ್ನು ಪ್ರಕಟಿಸಿದರು. ಒಂದು ನಾಟಕಕ್ಕೆ ಹೀಗೆ ಸಾಲುಸಾಲಾಗಿ ಉತ್ತರಕಾಂಡಗಳು ಹುಟ್ಟುವುದು ವಿಮರ್ಶೆಯ ಲಕ್ಷಣಕ್ಕಿಂತ ಪಂಚಾಯಿತಿಕಟ್ಟೆಯ ಲಕ್ಷಣ. ಒಬ್ಬರು ಹೆಂಡತಿಯ ಕಡೆಯವರು, ಇನ್ನೊಬ್ಬರು ಗಂಡನ ಕಡೆಯವರು.

ಇಬ್ಸನ್ ಕೂಡ ಈ ಪಂಚಾಯಿತಿಗೆ ಮೊದಲೇ ಒಂದು ಉತ್ತರ ಕೊಟ್ಟಿದ್ದ. 1881ರ ‘ಪ್ರೇತಗಳು’ ನಾಟಕದ ಶ್ರೀಮತಿ ಆಲ್ವಿಂಗ್ ಮನೆ ಬಿಡದೆ ಉಳಿದ ಹೆಂಡತಿ. ಉಳಿದದ್ದರ ಫಲವನ್ನು ಅವಳ ಮಗ ಉಣ್ಣುತ್ತಾನೆ. ಇದಕ್ಕಂತೂ ನೆಂಟರು ಬಾಗಿಲನ್ನೇ ಮುಚ್ಚಿದರು; ಪುಸ್ತಕದಂಗಡಿಗಳು ಪ್ರತಿಗಳನ್ನು ವಾಪಸು ಕಳಿಸಿದವು. ಮೊದಲ ಪ್ರಯೋಗ ನಡೆದದ್ದು ಯುರೋಪಿನಲ್ಲೇ ಅಲ್ಲ, 1882ರ ಮೇ 20ರಂದು ಷಿಕಾಗೋದಲ್ಲಿ, ಸ್ಕ್ಯಾಂಡಿನೇವಿಯಾದಿಂದ ವಲಸೆ ಬಂದವರ ಮುಂದೆ. ಊರು ಬಿಟ್ಟು ಬಂದವರಿಗೆ ಊರಿನ ಮನೆಯ ಕತೆ ಕೇಳುವ ಧೈರ್ಯ ಹೆಚ್ಚೇನೋ.

ಪೂರ್ವ ಏಷ್ಯಾದಲ್ಲಿ ನೋರಾಳಿಗೆ ಸಿಕ್ಕ ನೆಂಟರು ಬೇರೆ ತರಹದವರು. 1911ರಲ್ಲಿ ಟೋಕಿಯೋದಲ್ಲಿ ಮಾಟ್ಸುಯಿ ಸುಮಾಕೊ ನೋರಾಳಾಗಿ ಅಭಿನಯಿಸಿದಳು. ಮರುವರ್ಷ ಜನವರಿಯಲ್ಲಿ ಮಹಿಳೆಯರ ಪತ್ರಿಕೆ ‘ಸೆಯಿತೊ’ ಈ ನಾಟಕಕ್ಕೇ ಪುಟಗಳನ್ನು ಮೀಸಲಿಟ್ಟಿತು. ಅಲ್ಲಿ ಸಂಪಾದಕಿ ಹಿರಾಟ್ಸುಕಾ ರೈಚೊ ನೋರಾಳಿಗೆ ಪತ್ರದ ರೂಪದಲ್ಲಿ ಬರೆದಳು. ನಾವು ಅಭಿಮಾನದ ಮಾತನ್ನು ನಿರೀಕ್ಷಿಸುತ್ತೇವೆ. ಸಿಗುವುದು ಅಕ್ಕ ತಂಗಿಯನ್ನು ಗದರಿದಂಥ ದನಿ: ಇಷ್ಟು ಎಳಸಾಗಿ ನಡೆದುಕೊಂಡೆಯಲ್ಲ, ಹೊರಟದ್ದಷ್ಟಕ್ಕೇ ಎಚ್ಚರವಾಯಿತೆಂದುಕೊಂಡೆಯಾ ಎಂಬ ಭಾವ. ಚೀನಾದಲ್ಲಿ ಹು ಷಿ ಮತ್ತು ಲುವೋ ಜಿಯಾಲುನ್ 1918ರಲ್ಲಿ ‘ಹೊಸ ಯೌವನ’ ಪತ್ರಿಕೆಗೆ ನಾಟಕವನ್ನು ಅನುವಾದಿಸಿದರು. ಮರುವರ್ಷ ಹು ಷಿ ಇದರ ನೆರಳಿನಲ್ಲೇ ಬರೆದ ಏಕಾಂಕದ ಕೊನೆಗೆ ಮಗಳು ಮನೆ ಬಿಟ್ಟು ಹೋಗುತ್ತಾಳೆ. ಆ ಪಾತ್ರ ಮಾಡಲು ವಿದ್ಯಾರ್ಥಿನಿಯರು ಹಿಂಜರಿದರೆಂದು ಅವನೇ ದಾಖಲಿಸಿದ್ದಾನೆ. ನೀಮನ್-ರಾಬೆಯ ಹಿಂಜರಿಕೆಗೂ ಇದಕ್ಕೂ ಅಂತರವಿದೆ. ಆಕೆಗೆ ತಾಯಿಯಾಗಿ ಅಳುಕು. ಈ ಹುಡುಗಿಯರಿಗೆ ನಾಳೆ ನೆರೆಹೊರೆ ಏನೆನ್ನುವುದೋ ಎಂಬ ಅಳುಕು. ಅಭಿನವಗುಪ್ತ ಸ್ವಗತ, ಪರಗತ ಎಂದು ಬಿಡಿಸಿ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಈ ಎಲ್ಲ ಪ್ರತಿಕ್ರಿಯೆಗಳಲ್ಲಿ ಅತ್ಯಂತ ತೂಕದ್ದು 1923ರ ಡಿಸೆಂಬರ್ 26ರಂದು ಬೀಜಿಂಗಿನ ಮಹಿಳಾ ಉನ್ನತ ನಾರ್ಮಲ್ ಕಾಲೇಜಿನಲ್ಲಿ ಲು ಷುನ್ ಮಾಡಿದ ಉಪನ್ಯಾಸ. ಮನೆ ಬಿಟ್ಟ ಮೇಲೆ ನೋರಾ ಏನಾದಳು ಎಂಬುದೇ ಅದರ ವಿಷಯ. ಕೈಯಲ್ಲಿ ಕಾಸಿಲ್ಲದ ಹೆಣ್ಣಿಗೆ ಉಳಿಯುವುದು ಎರಡೇ ದಾರಿ, ಕೆಡುವುದು ಅಥವಾ ಮರಳುವುದು ಎಂದು ಅವನು ಲೆಕ್ಕ ಹಾಕಿದ. ಬೆಸಂಟನ ಪ್ರಶ್ನೆಯೂ ಇದೇ ಆಗಿತ್ತು, ಆದರೆ ಅವನು ಮಕ್ಕಳ ಮುಖ ನೋಡಿದ. ಲು ಷುನ್ ಅವಳ ಚೀಲ ನೋಡಿದ. ಎದುರಿಗೆ ಕುಳಿತಿದ್ದವರು ಓದಿಗಾಗಿ ಮನೆಯಿಂದ ಹೊರಬಿದ್ದ ಹುಡುಗಿಯರು. ಅಲ್ಲಿ ನಿಜದುಃಖ ರಸಕ್ಕೆ ವಿಘ್ನವಾಯಿತೆನ್ನುವುದು ಲಕ್ಷಣದ ಪ್ರಕಾರ ಸರಿ. ಆದರೆ ಆ ವಿಘ್ನ ಇಲ್ಲದಿದ್ದರೆ ಉಪನ್ಯಾಸವೇ ಹುಟ್ಟುತ್ತಿರಲಿಲ್ಲ.

ಹೀಗಾಗಿ ರಸವಿಘ್ನವನ್ನು ಇಂಥ ನಾಟಕದ ಸೋಲೆಂದು ಎಣಿಸದೆ ಅದರ ಕೆಲಸದ ಕ್ರಮವೆಂದು ಎಣಿಸಬೇಕೆನ್ನುವುದು ನನ್ನ ಸೂಚನೆ. ಕನ್ನಡದಲ್ಲೂ ಇದನ್ನು ಪರೀಕ್ಷಿಸಲು ಎಡೆಯಿದೆ. ಇಬ್ಸನ್, ಷಾ ಇವರನ್ನು ಓದಿಕೊಂಡ ಕೈಲಾಸಂ, ಶ್ರೀರಂಗರು ಹಾಡಿಗೆ ‘ಒನ್ಸ್ ಮೋರ್’ ಕೂಗುತ್ತಿದ್ದ ಕಂಪನಿ ನಾಟಕದ ಪ್ರೇಕ್ಷಕರ ಮುಂದೆ ಹಾಡಿಲ್ಲದ ಮನೆಯನ್ನು ತಂದಿಟ್ಟಾಗ ಕಿತ್ತದ್ದು ಗಾನವೆಂಬ ಇದೇ ಮದ್ದನ್ನು. ಆದರೆ ಕೈಲಾಸಂ ಅದರ ಜಾಗಕ್ಕೆ ನಗೆಯನ್ನು ತಂದರು. ಮಾತಿನ ಚಮತ್ಕಾರಕ್ಕೆ ನಗುತ್ತ ಕುಳಿತವನು ನೆಂಟನಾಗುವುದು ಕಷ್ಟ.

ಮುಕ್ತಾಯ ತಿದ್ದುವ ಕೆಲಸ ಈಗಲೂ ನಡೆದಿದೆ. ಎಲ್ಫ್ರಿಡೆ ಯೆಲಿನೆಕ್ 1970ರ ದಶಕದ ಕೊನೆಯಲ್ಲಿ ನೋರಾಳನ್ನು ಕಾರ್ಖಾನೆಗೆ ಕಳಿಸಿದಳು. 2017ರಲ್ಲಿ ಲ್ಯೂಕಸ್ ನೇಥ್ ಹದಿನೈದು ವರ್ಷಗಳ ನಂತರ ಅವಳನ್ನು ಬ್ರಾಡ್‌ವೇಯಲ್ಲಿ ಅದೇ ಬಾಗಿಲಿಗೆ ಕರೆತಂದ. ಬರ್ಲಿನ್ನಿನ ಷೌಬ್ಯೂನೆಯಲ್ಲಿ 2002ರಲ್ಲಿ ಥೋಮಸ್ ಓಸ್ಟರ್‌ಮೈಯರ್ ನಿರ್ದೇಶಿಸಿದ ಪ್ರಯೋಗದಲ್ಲಂತೂ ನೋರಾ ಗಂಡನನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಈ ಕಾಲದ ಪ್ರೇಕ್ಷಕರಿಗೆ ಬರೀ ಮನೆ ಬಿಡುವುದರಲ್ಲಿ ಆಘಾತ ಉಳಿದಿಲ್ಲ, ಅದಕ್ಕೇ ಬಂದೂಕು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಆ ಪ್ರಯೋಗ ಗುಂಡಿನ ಸದ್ದಿಗೆ ಮುಗಿಯುವುದಿಲ್ಲ. ನೋರಾ ಹೊರಗೆ ಬರುತ್ತಾಳೆ, ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಆ ಬಾಗಿಲಿಗೇ ಬೆನ್ನು ಕೊಟ್ಟು ನಿಧಾನವಾಗಿ ಕೆಳಕ್ಕೆ ಜಾರಿ ಕುಳಿತುಬಿಡುತ್ತಾಳೆ. 1880ರಲ್ಲಿ ಜರ್ಮನ್ ಪ್ರೇಕ್ಷಕರಿಗಾಗಿ ಅವಳು ಕುಸಿದದ್ದು ಬಾಗಿಲಿನ ಈಚೆ.