ಈಮ್ಸ್ ಪ್ಲೈವುಡ್ ಆರಾಮಕುರ್ಚಿ

ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಈಮ್ಸ್ (1907–1978) ಮತ್ತು ರೇ ಈಮ್ಸ್ (1912–1988) ರೂಪಿಸಿದ ‘ಲೌಂಜ್ ಚೇರ್ ವುಡ್’ ಇಪ್ಪತ್ತನೆಯ ಶತಮಾನದ ಸುಪ್ರಸಿದ್ಧ ಪೀಠೋಪಕರಣಗಳಲ್ಲೊಂದು. ನೆಲಕ್ಕೆ ಸಮೀಪವಾಗಿ, ತುಸು ಹಿಂದಕ್ಕೆ ವಾಲಿರುವ ಈ ಆರಾಮಕುರ್ಚಿಗೆ ಕೈಗಳೂ ಇಲ್ಲ, ದಪ್ಪ ಮೆತ್ತೆಯೂ ಇಲ್ಲ. ದೇಹದ ಬಾಗಿಗೆ ಹೊಂದುವಂತೆ ಬಗ್ಗಿಸಿದ ಪ್ಲೈವುಡ್ಡೇ ಇದರ ಸುಖಾಸನ. ‘ಟೈಮ್’ ನಿಯತಕಾಲಿಕವು 1999ರಲ್ಲಿ ಇದನ್ನು ಶತಮಾನದ ಅತ್ಯುತ್ತಮ ವಿನ್ಯಾಸವೆಂದು ಹೆಸರಿಸಿತು.

ಮೊದಲ ಯತ್ನ

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 1940ರಲ್ಲಿ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಚಾರ್ಲ್ಸ್ ಹಾಗೂ ಈರೋ ಸಾರಿನೆನ್ ಜಂಟಿಯಾಗಿ ಬಹುಮಾನ ಪಡೆದರು. ಆಸನ ಮತ್ತು ಬೆನ್ನೊರಗು ಒಂದೇ ಚಿಪ್ಪಿನಂತಿದ್ದ ಆ ಕುರ್ಚಿಯಲ್ಲಿ ತೀವ್ರವಾಗಿ ಬಾಗುವೆಡೆ ಪ್ಲೈವುಡ್ ಬಿರುಕು ಬಿಡುತ್ತಿತ್ತು. ಬಿರುಕು ಮರೆಮಾಚಲು ಬಟ್ಟೆ ಹೊದಿಸಬೇಕಾಯಿತು. ಅಗ್ಗದ ದರದಲ್ಲಿ ತಯಾರಿಸುವ ಆಶಯ ಕೈಗೂಡಲಿಲ್ಲ.

ಯುದ್ಧಕಾಲದ ಪಾಠ

1941ರಲ್ಲಿ ವಿವಾಹವಾಗಿ ಲಾಸ್ ಏಂಜಲೀಸ್‌ಗೆ ಬಂದ ದಂಪತಿ ಮನೆಯಲ್ಲೇ ಯಂತ್ರವೊಂದನ್ನು ಕಟ್ಟಿದರು. ಅಂಟು ಸವರಿದ ಮರದ ತೆಳುಹಾಳೆಗಳನ್ನು ಬಿಸಿ ಅಚ್ಚಿನಲ್ಲಿಟ್ಟು, ಸೈಕಲ್ ಪಂಪಿನಿಂದ ಗಾಳಿ ತುಂಬಿ ಒತ್ತಲಾಗುತ್ತಿತ್ತು. ಇದೇ ಅನುಭವದಿಂದ ಅಮೆರಿಕದ ನೌಕಾಪಡೆಯ ಗಾಯಾಳುಗಳಿಗಾಗಿ ಕಾಲಿಗೆ ಕಟ್ಟುವ ಪ್ಲೈವುಡ್ ದಬ್ಬೆ ಸಿದ್ಧವಾಯಿತು. ಅಂತಹ ಸುಮಾರು 1,50,000 ದಬ್ಬೆಗಳು ತಯಾರಾದವು. ಅವುಗಳಲ್ಲಿದ್ದ ರಂಧ್ರಗಳು ಪಟ್ಟಿ ಕಟ್ಟಲು ನೆರವಾದುದಲ್ಲದೆ, ಬಾಗುವೆಡೆ ಮರದ ಮೇಲಿನ ಒತ್ತಡವನ್ನೂ ತಗ್ಗಿಸಿದವು.

ರಚನೆ

ಆದರೂ ಕುರ್ಚಿಯನ್ನು ಒಂದೇ ಚಿಪ್ಪಾಗಿಸುವುದು ಕಷ್ಟವೆಂದು ಮನಗಂಡ ದಂಪತಿ ಆಸನ ಮತ್ತು ಬೆನ್ನೊರಗನ್ನು ಬೇರ್ಪಡಿಸಿದರು. ಎರಡು ಜೋಡಿ ಕಾಲುಗಳು ಹಾಗೂ ಬೆನ್ನೆಲುಬಿನಂತಹ ಪಟ್ಟಿಯೊಂದು ಅವನ್ನು ಹೊರುತ್ತವೆ. ನಡುವಿನ ರಬ್ಬರ್ ಬಿಲ್ಲೆಗಳಿಂದಾಗಿ ಕುಳಿತವರು ಹೊರಳಿದಂತೆ ಬೆನ್ನೊರಗೂ ತುಸು ಬಳುಕುತ್ತದೆ. ಹಳೆಯ ಕುರ್ಚಿಗಳಲ್ಲಿ ಈ ರಬ್ಬರ್ ಗಡುಸಾಗಿ ಕಳಚಿಕೊಳ್ಳುವುದುಂಟು.

ಮರೆಯಾದ ಹೆಸರು

1946ರಲ್ಲಿ ಅದೇ ಸಂಗ್ರಹಾಲಯವು ಈ ಪೀಠೋಪಕರಣಗಳನ್ನು ಪ್ರದರ್ಶಿಸಿದಾಗ ಶೀರ್ಷಿಕೆಯಲ್ಲಿದ್ದುದು ಚಾರ್ಲ್ಸ್ ಹೆಸರು ಮಾತ್ರ. ಚಿತ್ರಕಲಾವಿದೆಯಾಗಿ ತರಬೇತಿ ಪಡೆದು, ಶಿಲ್ಪಗಳನ್ನೂ ರಚಿಸಿದ ರೇ ಅವರ ಪಾಲು ಬಹುಕಾಲ ಹಿನ್ನೆಲೆಯಲ್ಲೇ ಉಳಿಯಿತು. ಇಂದು ಈ ಕುರ್ಚಿಯನ್ನು ಇಬ್ಬರ ಹೆಸರಿನಲ್ಲೂ ಗುರುತಿಸಲಾಗುತ್ತದೆ.

ಹರ್ಮನ್ ಮಿಲ್ಲರ್ ಸಂಸ್ಥೆ 1957ರಲ್ಲಿ ಇದರ ತಯಾರಿಕೆ ನಿಲ್ಲಿಸಿ, 1994ರಲ್ಲಿ ಪುನರಾರಂಭಿಸಿತು. ಜನಸಾಮಾನ್ಯರಿಗೆಂದು ಹುಟ್ಟಿದ ಕುರ್ಚಿಯ ಹಳೆಯ ಪ್ರತಿಗಳು ಇಂದು ಸಂಗ್ರಾಹಕರ ಪಾಲಿನ ದುಬಾರಿ ವಸ್ತುಗಳಾಗಿವೆ.

ಭಾರತದ ನಂಟು

ಭಾರತ ಸರ್ಕಾರದ ಆಹ್ವಾನದ ಮೇರೆಗೆ ದೇಶ ಸುತ್ತಿದ ಈಮ್ಸ್ ದಂಪತಿ 1958ರಲ್ಲಿ ‘ಇಂಡಿಯಾ ರಿಪೋರ್ಟ್’ ಸಲ್ಲಿಸಿದರು. ನಿತ್ಯಬಳಕೆಯ ಲೋಟಾವನ್ನು, ಅಂದರೆ ನಮ್ಮ ಚೊಂಬನ್ನು, ಉತ್ತಮ ವಿನ್ಯಾಸಕ್ಕೆ ನಿದರ್ಶನವಾಗಿ ಅದು ಮೆಚ್ಚಿಕೊಂಡಿತು. 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಆ ವರದಿಯೇ ತಳಹದಿ.