ಎರಡು ಹೊಳೆಗಳ ನಡುವೆ – ಮಂಡಲಿಯ ಪಟ್ಟದ ಬಸದಿಯನ್ನು ನೆನೆದು ಒಂದು ಕಾಲ್ನಡಿಗೆ

ಪಂಚಕಲ್ಯಾಣ ಮಹೋತ್ಸವದ ಈ ಪುಣ್ಯಸಂದರ್ಭದಲ್ಲಿ ನಾಡಿನ ನಾನಾ ಕಡೆಗಳಿಂದ ಧರ್ಮಬಂಧುಗಳು ನಮ್ಮೂರಿಗೆ ದಯಮಾಡಿಸಿದ್ದಾರೆ. ಪೂಜೆ, ಅಭಿಷೇಕಗಳ ನಡುವಣ ಬಿಡುವಿನಲ್ಲಿ “ಈ ಊರಿನಲ್ಲಿ ನೋಡತಕ್ಕದ್ದು ಏನಿದೆ?” ಎಂದು ಅವರು ಕೇಳುವುದು ಸಹಜ. ಹೊಂಬುಜಕ್ಕೆ ಹೋಗಿ ಪದ್ಮಾವತಿ ಅಮ್ಮನವರ ದರ್ಶನ ಮಾಡಿ ಬನ್ನಿರೆಂದು ಹೇಳಿ ನಾವು ಸುಮ್ಮನಾಗುತ್ತೇವೆ. ಸಾಂತರರ ರಾಜಧಾನಿಯಾದ ಹೊಂಬುಜವೂ, 1077ರಲ್ಲಿ ಚಟ್ಟಲದೇವಿಯು ಕಟ್ಟಿಸಿದ ಅಲ್ಲಿಯ ಪಂಚಕೂಟ ಬಸದಿಯೂ ನಮ್ಮ ಜಿಲ್ಲೆಯ ಕಿರೀಟವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಿವಮೊಗ್ಗ ನಗರದಲ್ಲಿಯೇ ಜೈನರು ನೆನೆಯತಕ್ಕ ಸ್ಥಳವೊಂದಿದೆ ಎಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ನಾನೂ ಬಹುಕಾಲ ಅರಿತಿರಲಿಲ್ಲ. ಆದಕಾರಣ, ಕಾಲ್ನಡಿಗೆಯಿಂದ ಸ್ವಲ್ಪ, ಬಸ್ಸಿನಿಂದ ಸ್ವಲ್ಪ, ಒಂದು ದಿನದಲ್ಲಿ ನೋಡಿ ಮುಗಿಸಬಹುದಾದ ಒಂದು ದಾರಿಯನ್ನು ಇಲ್ಲಿ ತೋರಿಸಲು ಯತ್ನಿಸಿದ್ದೇನೆ. ಬೆಳಗಿನ ಪೂಜೆ ಮುಗಿಸಿ ಹೊರಟವರು ಸೂರ್ಯಾಸ್ತಕ್ಕೆ ಮೊದಲು ಊಟಕ್ಕೆ ಹಿಂದಿರುಗಬಹುದು.

ನಡಿಗೆಯನ್ನು ತುಂಗೆಯ ದಡದಿಂದ ಆರಂಭಿಸುವುದು ಯುಕ್ತ. ಹೊಳೆಯ ಅಂಚಿನಲ್ಲಿರುವ ಕೊರ್ಪಲಯ್ಯನ ಛತ್ರದ ಮಂಟಪವನ್ನು ಊರಿನವರು ಯಾರನ್ನು ಕೇಳಿದರೂ ತೋರಿಸುತ್ತಾರೆ. ಮಳೆಗಾಲದಲ್ಲಿ ಹೊಳೆ ಎಷ್ಟು ಏರಿದೆಯೆಂದು ನೋಡಲು ಜನರು ಕಣ್ಣು ಹಾಯಿಸುವುದು ಈ ಮಂಟಪದ ಕಡೆಗೇ. ಅಲ್ಲಿಂದ ಕೋಟೆ ರಸ್ತೆಗೆ ಬಂದರೆ ಸೀತಾರಾಮಾಂಜನೇಯ ದೇವಾಲಯವೂ, ಹಳೆಯ ಕೋಟೆಯ ಅಳಿದುಳಿದ ಕುರುಹುಗಳೂ ಕಾಣಸಿಗುತ್ತವೆ.

ಸಮೀಪದಲ್ಲಿಯೇ ಶಿವಪ್ಪನಾಯಕನ ಅರಮನೆ ಇದೆ. ಕೆಳದಿಯ ಅರಸನಾದ ಶಿವಪ್ಪನಾಯಕನು 1645ರಿಂದ 1660ರವರೆಗೆ ಆಳಿದವನು. ಭೂಮಿಯನ್ನು ಅಳೆಯಿಸಿ, ಮಣ್ಣಿನ ಗುಣವನ್ನು ನೋಡಿ ಕಂದಾಯ ಗೊತ್ತುಮಾಡಿದ ಅವನ ‘ಶಿಸ್ತು’ ಮಲೆನಾಡಿನಲ್ಲಿ ಇಂದಿಗೂ ಮನೆಮಾತು. ಅರಮನೆಗೆ ಅವನ ಹೆಸರಿದ್ದರೂ ಈಗ ಕಾಣುವ ಕಟ್ಟಡವು 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಕಾಲದ್ದಿರಬೇಕೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಜಿಲ್ಲೆಯ ನಾನಾ ಊರುಗಳಿಂದ ತಂದ ಶಿಲ್ಪಗಳನ್ನೂ ವೀರಗಲ್ಲು, ಮಾಸ್ತಿಗಲ್ಲುಗಳನ್ನೂ ಇಲ್ಲಿ ಕಾಪಾಡಿದ್ದಾರೆ.

ಇಂತಹ ಕಲ್ಲುಗಳ ಮುಂದೆ ನಿಂತಾಗ ಮಕ್ಕಳಿಗೆ ಒಂದು ಸಂಗತಿಯನ್ನು ಹೇಳಿಕೊಡಬೇಕು. ವೀರಗಲ್ಲಿನಲ್ಲಿ ಕೆಳಗೆ ಕಾದಾಟ, ನಡುವೆ ವೀರನನ್ನು ಒಯ್ಯುವ ದೇವಕನ್ನೆಯರು, ಮೇಲೆ ದೇವಸನ್ನಿಧಿ. ಮಾಸ್ತಿಗಲ್ಲಿನಲ್ಲಿ ಬಳೆ ತೊಟ್ಟು ಮೇಲಕ್ಕೆತ್ತಿದ ಕೈ. ನಮ್ಮವರ ನಿಷಿಧಿಗಲ್ಲಿನಲ್ಲಾದರೋ ಮೇಲೆ ಮುಕ್ಕೊಡೆಯ ಕೆಳಗೆ ಜಿನಬಿಂಬ. ಕೆಳಗೆ ಎದುರೆದುರು ಕುಳಿತ ಗುರು ಮತ್ತು ಸಲ್ಲೇಖನ ವ್ರತ ಹಿಡಿದ ಶ್ರಾವಕ ಅಥವಾ ಶ್ರಾವಿಕೆ. ಅಲ್ಲಿ ಕತ್ತಿಯಿಲ್ಲ, ಚಿತೆಯಿಲ್ಲ. ಈ ವ್ಯತ್ಯಾಸವನ್ನು ಬಲ್ಲ ಹುಡುಗನು ಮುಂದೆ ಯಾವ ಹಳ್ಳಿಯ ಕೆರೆ ಏರಿಯ ಮೇಲೆ ಹೋದರೂ ತನ್ನ ಪೂರ್ವಿಕರ ಗುರುತನ್ನು ಹಿಡಿಯಬಲ್ಲನು.

ಅಲ್ಲಿಂದ ಗಾಂಧಿ ಬಜಾರಿಗೆ ಬರಬೇಕು. ಇದು ವ್ಯಾಪಾರಸ್ಥರ ಬೀದಿ. ಇದರ ವಿಷಯವನ್ನು ನನ್ನಂತಹವನು ಹೇಳತೊಡಗಿದರೆ ಲೇಖನ ಮುಗಿಯಲಾರದು. ನಗರದಲ್ಲಿ 1930ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಸಂಘವನ್ನೂ, ಎತ್ತರವಾದ ಸೇಕ್ರೆಡ್ ಹಾರ್ಟ್ ಚರ್ಚನ್ನೂ ನೋಡಿ ಮುಂದುವರಿಯಬಹುದು. ಪರಮತಗಳ ಮಂದಿರಗಳನ್ನು ಗೌರವದಿಂದ ನೋಡುವುದು ಅನೇಕಾಂತವನ್ನು ನಂಬಿದವರಿಗೆ ಹೊಸದಾಗಿ ಹೇಳಿಕೊಡಬೇಕಾದ ಪಾಠವಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಪೇಟೆಯಿಂದ ತೀರ್ಥಹಳ್ಳಿ ರಸ್ತೆ ಹಿಡಿದರೆ ಮಂಡ್ಲಿ ಎಂಬ ಬಡಾವಣೆ ಸಿಗುತ್ತದೆ. ಅದರ ಸಮೀಪದಲ್ಲಿಯೇ ಕಲ್ಲೂರು. ಇಂದು ಈ ಎರಡು ಹೆಸರುಗಳನ್ನು ಕೇಳಿದರೆ ಜನರಿಗೆ ನೆನಪಾಗುವುದು ಕೈಗಾರಿಕಾ ಪ್ರದೇಶ. ಅಡಿಕೆ ವ್ಯಾಪಾರದ ನಿಮಿತ್ತ ಮೂವತ್ತು ವರ್ಷ ನಾನು ಈ ದಾರಿಯಲ್ಲಿ ಓಡಾಡಿದ್ದೇನೆ. ಬರತಕ್ಕ ಬಾಕಿಯ ಲೆಕ್ಕವನ್ನು ಮನಸ್ಸಿನಲ್ಲಿ ಮಾಡುತ್ತ ಹೋದೆನೇ ಹೊರತು, ನಾನು ಈ ನೆಲಕ್ಕೆ ಸಲ್ಲಿಸಬೇಕಾದ ಬಾಕಿಯೊಂದಿದೆ ಎಂದು ಒಮ್ಮೆಯೂ ತಿಳಿಯಲಿಲ್ಲ. ಮೆಟ್ರಿಕ್ಯುಲೇಷನ್‌ವರೆಗೆ ಮಾತ್ರ ಓದಿದ ನನಗೆ ಶಾಸನಗಳ ಪರಿಚಯವಾದದ್ದು ತೀರ ತಡವಾಗಿ.

ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ ತಾಲ್ಲೂಕಿನ ನಾಲ್ಕನೆಯ ಶಾಸನವೆಂದು ಎಣಿಸಿರುವುದೇ ಕಲ್ಲೂರುಗುಡ್ಡದ ಶಾಸನ. ಕಾಲ ಕ್ರಿ. ಶ. 1121-22. ಗಂಗವಂಶದ ಸ್ಥಾಪನೆಯ ಕಥೆಯನ್ನು ಅತ್ಯಂತ ವಿಸ್ತಾರವಾಗಿ ಹೇಳುವ ಶಾಸನಗಳಲ್ಲಿ ಇದೂ ಒಂದು. ದಡಿಗ, ಮಾಧವ ಎಂಬ ರಾಜಕುಮಾರರಿಬ್ಬರು ಪೇರೂರಿನಲ್ಲಿ ಸಿಂಹನಂದ್ಯಾಚಾರ್ಯರನ್ನು ಕಂಡು ಶರಣಾದರು. ಆಚಾರ್ಯರು ಅವರಿಗೆ ವಿದ್ಯೆ ಕಲಿಸಿ, ರಾಜ್ಯವನ್ನು ಅನುಗ್ರಹಿಸಿ, ತಮ್ಮ ಪಿಂಛವನ್ನೇ ಧ್ವಜಲಾಂಛನವನ್ನಾಗಿ ನೀಡಿದರು. ಜೊತೆಗೆ ಕಟ್ಟಳೆಗಳನ್ನೂ ವಿಧಿಸಿದರು. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನಕ್ಕೆ ವಿಮುಖರಾದರೆ, ಪರಸ್ತ್ರೀಯರನ್ನು ಬಯಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಬೇಡಿದವರಿಗೆ ಕೊಡದೆ ಹೋದರೆ, ರಣರಂಗದಿಂದ ಓಡಿದರೆ ನಿಮ್ಮ ಕುಲ ಅಳಿಯುವುದು ಎಂಬುದು ಅದರ ತಾತ್ಪರ್ಯ.

ಗಂಗರ ಆರಂಭವು ಸುಮಾರು 4ನೆಯ ಶತಮಾನದ್ದು. ಈ ಶಾಸನವು 12ನೆಯ ಶತಮಾನದ್ದು. ಏಳೆಂಟು ನೂರು ವರ್ಷಗಳ ನಂತರ ಬರೆದ ವಂಶಕಥೆಯ ಪ್ರತಿಯೊಂದು ಮಾತನ್ನೂ ಚರಿತ್ರೆಕಾರರು ಹಾಗೆಯೇ ಒಪ್ಪುವುದಿಲ್ಲ, ಒಪ್ಪಬೇಕೆಂದು ನಾವು ಹಟ ಹಿಡಿಯುವುದೂ ತರವಲ್ಲ. ಆದರೆ ಶಾಸನ ಬರೆಸಿದವರ ಕಾಲಕ್ಕೆ ಸಂಬಂಧಿಸಿದ ಸಂಗತಿಗಳು ಗಟ್ಟಿಯಾದವು. ತಲಕಾಡಿನ ಗಂಗರಾಜ್ಯ ಅಳಿದ ಮೇಲೆಯೂ ಆ ವಂಶದವರೆಂದು ಹೇಳಿಕೊಂಡ ಅರಸುಮನೆತನವೊಂದು ಈ ನೆಲದಲ್ಲಿ ಮಂಡಲಿ ಸಾಸಿರವೆಂಬ ನಾಡನ್ನು ಆಳುತ್ತಿತ್ತು. ಆ ಮಂಡಲಿಯೇ ಇಂದಿನ ಮಂಡ್ಲಿ. ಮಂಡಲಿಯ ಬೆಟ್ಟದ ಮೇಲೆ ದಡಿಗ ಮಾಧವರು ನೆಲೆಗೊಳಿಸಿದ ಚೈತ್ಯಾಲಯವೆಂದು ನಂಬಿದ್ದ ಬಸದಿಯನ್ನು ಈ ಅರಸರು ತಲೆಮಾರಿನಿಂದ ತಲೆಮಾರಿಗೆ ನಡೆಸಿಕೊಂಡು ಬಂದರು. ಮೊದಲು ಅದು ಮರದ ಕಟ್ಟಡವಾಗಿತ್ತು. ಎಡೆದೊರೆ ಎಪ್ಪತ್ತರ ಬಸದಿಗಳಿಗೆಲ್ಲ ಇದೇ ಮುಖ್ಯವೆಂದು ಸಾರಿ, ‘ಪಟ್ಟದ ಬಸದಿ’ಯೆಂಬ ಹೆಸರಿತ್ತು, ಭೂಮಿಯನ್ನು ದತ್ತಿಬಿಟ್ಟರು. ಮುಂದೆ ನನ್ನಿಯಗಂಗನು ಅದನ್ನು ಶಿಲಾಮಯವಾಗಿ ಕಟ್ಟಿಸಿದನು. ಅವರ ಗುರುಗಳು ಮೂಲಸಂಘ, ಕುಂದಕುಂದಾನ್ವಯ, ಕ್ರಾಣೂರ್ಗಣ, ಮೇಷಪಾಷಾಣ ಗಚ್ಛದ ಪ್ರಭಾಚಂದ್ರ ಸಿದ್ಧಾಂತದೇವರು.

ಎಡೆದೊರೆಯೆಂದರೆ ಎರಡು ಹೊಳೆಗಳ ನಡುವಣ ನೆಲ. ನಮ್ಮ ಎಡಬಲದಲ್ಲಿ ಹರಿಯುವ ತುಂಗೆ ಮತ್ತು ಭದ್ರೆಯರ ನಡುವಣ ಸೀಮೆಗೆ ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ. ನಗರದ ಅಂಚಿನ ಪುರಲೆ, ಭದ್ರಾವತಿಯ ದಾರಿಯಲ್ಲಿರುವ ನಿದಿಗೆ, ಈ ಊರುಗಳ ಶಾಸನಗಳಲ್ಲಿಯೂ ಇದೇ ಮನೆತನದ ಹೆಸರು ಬರುತ್ತದೆ. ಹಾಗಾಗಿ ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗುವವರು ತಾವು ಮಂಡಲಿಯ ಗಂಗರ ನಾಡನ್ನು ದಾಟುತ್ತಿದ್ದೇವೆಂದು ತಿಳಿಯಬೇಕು.

ಭದ್ರಾವತಿಗೆ ಬೆಂಕಿಪುರ, ವಂಕೀಪುರ ಎಂಬ ಹೆಸರುಗಳಿದ್ದವು. ಹಳೆಯ ಪೇಟೆಯಲ್ಲಿರುವ ಲಕ್ಷ್ಮೀನರಸಿಂಹ ದೇವಾಲಯವು 13ನೆಯ ಶತಮಾನದ ಹೊಯ್ಸಳ ಶೈಲಿಯ ತ್ರಿಕೂಟಾಚಲ. ಎತ್ತರವಾದ ಜಗತಿಯ ಮೇಲೆ ಒಂದು ಸುತ್ತು ಬಂದರೆ ಗೋಡೆಯ ಶಿಲ್ಪಗಳನ್ನೆಲ್ಲ ನೋಡಬಹುದು. ಊರಿಗೆ ಹೊಸ ಜನ್ಮ ಕೊಟ್ಟದ್ದು 1918ರಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಲಿನಿಂದ ಕರಗಿಸಿ 1923ರಲ್ಲಿ ಕಬ್ಬಿಣ ತೆಗೆಯತೊಡಗಿದರು. ಅದನ್ನು ನಷ್ಟದಿಂದ ಮೇಲೆತ್ತಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನೇ ಮುಂದೆ ಕಾರ್ಖಾನೆಗೆ ಇಟ್ಟರು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಾದರೋ ಕಳೆದ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು. ಸಾವಿರಾರು ಸಂಸಾರಗಳಿಗೆ ಅನ್ನ ಕೊಟ್ಟ ಯಂತ್ರಗಳು ಒಂದು ಆಯುಷ್ಯದೊಳಗೇ ಮೌನವಾದುದನ್ನು ಕಂಡಾಗ ಅನಿತ್ಯಾನುಪ್ರೇಕ್ಷೆಗೆ ಬೇರೆ ಉಪದೇಶ ಬೇಕಿಲ್ಲವೆನಿಸುತ್ತದೆ.

ಮಂಡಲಿಯ ಪಟ್ಟದ ಬಸದಿಯೂ ಹಾಗೆಯೇ ಹೋಯಿತು. ಮರದ್ದು ಕಲ್ಲಿನದಾಯಿತು, ಕಲ್ಲಿನದೂ ಉಳಿಯಲಿಲ್ಲ. ಗಂಗರ ಪರಾಕ್ರಮ, ಭಂಡಾರಗಳು ಅದನ್ನು ಕಾಯಲಾರದೆ ಹೋದವು. ಪೂಜೆ ಮಾಡುವವರೂ ದರ್ಶನಕ್ಕೆ ಬರುವವರೂ ಇಲ್ಲದ ಬಸದಿಗೆ ಕಲ್ಲಿನ ಗೋಡೆ ಎಷ್ಟು ದಪ್ಪವಿದ್ದರೇನು? ಉಳಿದದ್ದು ಒಂದು ಬರೆಹ ಮಾತ್ರ. ಅದು ಇಲ್ಲದಿದ್ದರೆ ಇಲ್ಲೊಂದು ಬಸದಿ ಇತ್ತೆಂಬುದೂ ನಮಗೆ ತಿಳಿಯುತ್ತಿರಲಿಲ್ಲ.

ಇಂದು ನಾವು ಹೊಸದಾಗಿ ಜಿನಬಿಂಬ ಪ್ರತಿಷ್ಠೆ ಮಾಡಿ ಸಂತೋಷಪಡುತ್ತಿದ್ದೇವೆ. ಸಂತೋಷದ ಜೊತೆಗೆ ಮೂರು ವಿಜ್ಞಾಪನೆಗಳನ್ನು ಮಾಡಲು ಅಪ್ಪಣೆಯಾಗಬೇಕು. ಒಂದು, ಹೊಲ, ಕೆರೆ, ರಸ್ತೆಗಳ ಬದಿಯಲ್ಲಿ ಶಾಸನವನ್ನಾಗಲಿ ಮೂರ್ತಿಯನ್ನಾಗಲಿ ಕಂಡವರು ಅದಕ್ಕೆ ಬಣ್ಣ, ಎಣ್ಣೆ ಹಚ್ಚದೆ, ಸ್ಥಳದಿಂದ ಕದಲಿಸದೆ, ವಸ್ತುಸಂಗ್ರಹಾಲಯಕ್ಕೆ ತಿಳಿಸಬೇಕು. ಎರಡು, ಈ ಬಸದಿಗೆ ಯಾರು ಏನು ಕೊಟ್ಟರೆಂಬ ಲೆಕ್ಕವನ್ನು, ರೂಪಾಯಿ ಕೊಟ್ಟವರದನ್ನು ಮಾತ್ರವಲ್ಲದೆ ಕಲ್ಲು ಹೊತ್ತವರದನ್ನೂ, ಸರಿಯಾಗಿ ಬರೆದಿಡಬೇಕು. ಮೂರು, ಪ್ರತಿ ಮನೆಯ ಹಿರಿಯರು ವರ್ಷಕ್ಕೊಮ್ಮೆಯಾದರೂ ಮಕ್ಕಳ ಕೈ ಹಿಡಿದು ತುಂಗೆಯ ದಡದಿಂದ ಮಂಡ್ಲಿಯವರೆಗೆ ನಡೆದು ಹೋಗಬೇಕು. ಅಲ್ಲಿ ನೋಡಲು ಗೋಪುರವಿಲ್ಲ. ನಿಂತು ಒಂದು ಸಲ ಣಮೋಕಾರ ಮಂತ್ರ ಹೇಳಿದರೆ ಸಾಕು.

ಸಿಂಹನಂದ್ಯಾಚಾರ್ಯರು ರಾಜ್ಯದ ಜೊತೆಗೆ ಕಟ್ಟಳೆಯನ್ನೂ ಕೊಟ್ಟರು. ನಮಗೆ ರಾಜ್ಯವಿಲ್ಲ, ಕಟ್ಟಳೆಯಾದರೂ ಇದೆ. ಅದನ್ನು ನಡೆಸುವ ಬುದ್ಧಿಯನ್ನು ಜಿನೇಶ್ವರನು ನಮಗೆಲ್ಲ ಕರುಣಿಸಲಿ, ಒಂಬೈನೂರು ವರ್ಷಗಳ ಅನಂತರ ಬರುವವರು ಈ ಬಸದಿಯಲ್ಲಿ ದೀಪ ಉರಿಯುತ್ತಿರುವುದನ್ನು ಕಾಣುವಂತಾಗಲಿ ಎಂದು ಬೇಡಿ ಈ ಬರೆಹವನ್ನು ಮುಗಿಸುತ್ತೇನೆ.

ಜಯ ಜಿನೇಂದ್ರ.